ಒಂದೇ ಕಾರಿನ ಬೆನ್ನಿಗೆ ಎರಡು ಸೈಕಲ್ಲು

"ಗುರುಗಳೇ, ಅಕ್ಕನೂ ನಾನೂ ಅವ್ವನ ಮಾತು ಮೀರಿದವರಲ್ಲ. ಹಬ್ಬ ಬಂತೆಂದರೆ ಇಬ್ಬರೂ ನಮ್ಮ ನಮ್ಮ ಊರಿನಿಂದ ಅವ್ವನ ಮನೆಗೆ ಬಂದು ಸೇರುತ್ತೇವೆ. ಆದರೆ ಒಂದು ಹಗಲು ಕಳೆಯುವಷ್ಟರಲ್ಲಿ ಜಗಳ. ಚಿಕ್ಕಂದಿನಲ್ಲಿ ಒಂದೇ ಕೌದಿಯಲ್ಲಿ ಮಲಗಿದವರು ನಾವು. ಈ ಸಲ ಅವ್ವ, 'ಇನ್ನು ಮೇಲೆ ಇಬ್ಬರೂ ಒಟ್ಟಿಗೆ ಬರಬೇಡಿ' ಎಂದುಬಿಟ್ಟಳು. ನಮ್ಮಲ್ಲಿ ಕಡಿಮೆಯಾಗಿರುವುದು ಏನು?" ಎಂದು ನೀಲಾಂಬಿಕೆ ಎಂಬ ಶಿಷ್ಯೆ ಕೇಳಿದಳು.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ವ್ಯಾಪಾರಿ ಇದ್ದ. ಮದುವೆಯಾದ ಹೊಸದರಲ್ಲಿ ಅವನೂ ಅವನ ಹೆಂಡತಿಯೂ ಕಾಲುವೆಯ ಪಕ್ಕದ ಒಂದು ಊರಿನಲ್ಲಿದ್ದರು. ಇಬ್ಬರಿಗೂ ಒಂದೊಂದು ಸೈಕಲ್ಲಿತ್ತು. ಸಂಜೆ ಅಂಗಡಿ ಮುಚ್ಚಿದ ಮೇಲೆ ಕಾಲುವೆಯ ದಂಡೆಯ ಮೇಲೆ ಹೊರಡುತ್ತಿದ್ದರು. ಯಾವಾಗಲೂ ಅವಳೇ ಮುಂದೆ. ಹೊಲಗಳಿಗೆ ನೀರು ಬಿಡುವ ತೂಬಿನ ಹತ್ತಿರ ಇಳಿದು, ಅವನು ಬರುವ ತನಕ ಬೆಲ್ಲು ಬಾರಿಸುತ್ತಿದ್ದಳು. ಅಲ್ಲಿ ಕೂತು ಇಬ್ಬರೂ ಹುರಿದ ಶೇಂಗಾ ತಿಂದು ಹಿಂತಿರುಗುತ್ತಿದ್ದರು.

ವ್ಯಾಪಾರ ಬೆಳೆಯಿತು. ಪಟ್ಟಣಕ್ಕೆ ಬಂದರು. ಮಕ್ಕಳಾದವು, ಕಾರು ಬಂತು. ಸೈಕಲ್ಲುಗಳು ಸಾಮಾನಿನ ಕೋಣೆ ಸೇರಿದವು.

ಇಪ್ಪತ್ತು ವರ್ಷದ ಮೇಲೆ ಹೆಂಡತಿ ಆ ಕೋಣೆಯ ಧೂಳು ಹೊಡೆಯುವಾಗ ಕೈ ತಾಗಿ ಸೈಕಲ್ಲಿನ ಬೆಲ್ಲು ಟ್ರಿಣ್ ಎಂದಿತು. ಹೊರಗೆ ಊಟಕ್ಕೆ ಕೂತಿದ್ದ ವ್ಯಾಪಾರಿ ತುತ್ತು ಬಿಟ್ಟು ಎದ್ದು ನಿಂತ. ಅದೇ ತಿಂಗಳು, ಕಾಲುವೆಯ ದಂಡೆಗೆ ಬೇಲಿ ಹಾಕುತ್ತಾರೆ, ಆಮೇಲೆ ಯಾರನ್ನೂ ಬಿಡುವುದಿಲ್ಲ ಎಂಬ ಸುದ್ದಿ ಬಂತು. ಬೇಲಿಗೆ ಇನ್ನು ಎರಡೇ ದಿನವಿತ್ತು. ತೂಬಿನ ತನಕ ಕಡೆಯದಾಗಿ ಒಂದು ಸಲ ಹೋಗಿಬರೋಣ ಎಂದು ಇಬ್ಬರೂ ಹೊರಟರು.

ಕಾರಿನ ಹಿಂದೆ ಬಿಗಿಯುವ ಕಬ್ಬಿಣದ ಸ್ಟ್ಯಾಂಡು ತಂದು, ವ್ಯಾಪಾರಿ ಎರಡೂ ಸೈಕಲ್ಲುಗಳನ್ನು ಅಕ್ಕಪಕ್ಕ ನೇತುಹಾಕಿದ. ಒಂದೊಂದನ್ನೂ ಸ್ಟ್ಯಾಂಡಿಗೆ ಹಗ್ಗದಿಂದ ಬಿಗಿದ.

"ಇನ್ನೂ ಎಷ್ಟು ಗಂಟು ರೀ? ಮದುವೆಯಲ್ಲಿ ನೀವು ಹಾಕಿದ್ದು ಮೂರೇ. ಅದೇ ಇನ್ನೂ ಬಿಚ್ಚಿಲ್ಲ" ಎಂದಳು ಹೆಂಡತಿ.

ಸ್ವಲ್ಪ ದೂರ ಹೋಗುವಷ್ಟರಲ್ಲಿ ಹಿಂದೆ ಕಟಕಟ ಸದ್ದು. ಇಳಿದು ನೋಡಿದರೆ ಅವನ ಸೈಕಲ್ಲಿನ ಪೆಡಲು ಅವಳ ಸೈಕಲ್ಲಿನ ಚಕ್ರದೊಳಗೆ ಹೊಕ್ಕಿತ್ತು. ಒಂದು ಕಡ್ಡಿ ಮುರಿದಿತ್ತು. ಅವನು ಹಗ್ಗವನ್ನು ಇನ್ನಷ್ಟು ಎಳೆದು ಕಟ್ಟಿದ. ಮತ್ತೆ ಸದ್ದು, ಮತ್ತೊಂದು ಕಡ್ಡಿ. ಮತ್ತೆ ಬಿಗಿದ. ಮೂರನೆಯ ಸಲ ಚಕ್ರವೇ ಓರೆಯಾಗಿತ್ತು.

ಹೆಂಡತಿ ಈಗ ತಮಾಷೆ ಮಾಡಲಿಲ್ಲ. "ಹೋಗಲಿ ಬಿಡಿ. ನೀವೊಬ್ಬರೇ ದಂಡೆಯ ಮೇಲೆ ಹೋಗಿಬನ್ನಿ. ನಾನು ಕಾರಿನಲ್ಲಿ ಕೂತಿರುತ್ತೇನೆ."

"ನೀನು ಮುಂದೆ ಇಲ್ಲದಿದ್ದರೆ ನಾನು ಯಾರ ಹಿಂದೆ ಹೋಗಲಿ?" ಎಂದ ಅವನು.

ರಸ್ತೆಯ ಪಕ್ಕ ಒಂದು ಪಂಕ್ಚರ್ ಅಂಗಡಿ ಕಂಡಿತು. ಅಂಗಡಿಯಾಕೆ ವಯಸ್ಸಾದವಳು. ಕೈಲಾದ ಮಟ್ಟಿಗೆ ಚಕ್ರದ ಓರೆ ತಿದ್ದಿದಳು. ಆಮೇಲೆ ಕಾರಿನ ಹಿಂದೆ ಹೋಗಿ ಹಗ್ಗಗಳನ್ನು ನೋಡಿ ನಕ್ಕಳು.

"ಹಗ್ಗ ಚೆನ್ನಾಗಿದೆ ಅಣ್ಣ, ಗಂಟೂ ಚೆನ್ನಾಗಿದೆ. ಇದನ್ನೂ ಸ್ಟ್ಯಾಂಡಿಗೆ ಕಟ್ಟಿದ್ದೀರಿ, ಅದನ್ನೂ ಸ್ಟ್ಯಾಂಡಿಗೆ ಕಟ್ಟಿದ್ದೀರಿ. ಇದನ್ನು ಅದಕ್ಕೆ ಕಟ್ಟುವವರು ಯಾರು?"

ಅವಳು ಒಂದು ಸೈಕಲ್ಲನ್ನು ಬಿಚ್ಚಿ ಹಿಂದುಮುಂದಾಗಿ ತಿರುಗಿಸಿದಳು. ಎರಡರ ನಡುವೆ ಹಳೆಯ ಸೀರೆಯ ಚೂರನ್ನು ಮಡಿಸಿಟ್ಟಳು. ಹಳೇ ಟ್ಯೂಬು ಸೀಳಿದ ಪಟ್ಟಿಯಿಂದ ಒಂದನ್ನೊಂದಕ್ಕೆ ಎರಡು ಕಡೆ ಬಿಗಿದಳು. ಸ್ಟ್ಯಾಂಡಿನ ಹಗ್ಗಗಳನ್ನು ಮೊದಲಿದ್ದಂತೆಯೇ ಕಟ್ಟಿದಳು.

ಅಲ್ಲಿಂದ ಮುಂದೆ ಹಳ್ಳ ದಿಣ್ಣೆ ಎಷ್ಟೋ ಬಂದವು. ಎರಡು ಸೈಕಲ್ಲುಗಳೂ ಒಟ್ಟಿಗೆ ಅಲುಗಿದವು, ಒಟ್ಟಿಗೆ ನಿಂತವು. ಸದ್ದು ಬರಲಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ಕಾಲುವೆ ತಲುಪಿದರು. ದಂಡೆಯ ಉದ್ದಕ್ಕೂ ಬೇಲಿಯ ಕಲ್ಲುಕಂಬಗಳು ಬಂದು ಬಿದ್ದಿದ್ದವು. ಸೈಕಲ್ಲು ಇಳಿಸಿ ಹತ್ತಿದಾಗ ಎರಡು ಕಡ್ಡಿ ಇಲ್ಲದ ಅವಳ ಚಕ್ರ ಓಲಾಡುತ್ತಿತ್ತು. ಆದರೂ ಅವಳೇ ಮುಂದೆ ಹೋದಳು. ಸ್ವಲ್ಪ ಹೊತ್ತಿನಲ್ಲಿ ತೂಬಿನ ಕಡೆಯಿಂದ ಬೆಲ್ಲು ಕೇಳಿಸಿತು.

ಗುರುಗಳು ಇಲ್ಲಿಗೆ ಕತೆ ನಿಲ್ಲಿಸಿದರು.

ನೀಲಾಂಬಿಕೆ, "ಕತೆ ತಿಳಿಯಿತು ಗುರುಗಳೇ. ಆದರೆ ಪೆಡಲು ಅಕ್ಕನದು, ಕಡ್ಡಿ ಮುರಿದದ್ದು ನನ್ನ ಚಕ್ರದ್ದು. ಅದನ್ನು ಅವಳಿಗೆ ಹೇಳುವವರು ಯಾರು?" ಎಂದಳು.

ಗುರುಗಳು ಕೇಳಿದರು: "ನಿನ್ನ ಅಕ್ಕನ ಮನೆಯ ಬಾಗಿಲು ಯಾವ ದಿಕ್ಕಿಗಿದೆ, ತಾಯಿ?"

ಪ್ರತಿ ಹಬ್ಬಕ್ಕೂ ಅವ್ವನ ಮನೆಗೆ ಹೋಗುತ್ತಿದ್ದ ನೀಲಾಂಬಿಕೆ ಅಕ್ಕನ ಮನೆಗೆ ಒಮ್ಮೆಯೂ ಹೋದವಳಲ್ಲ. ಅವಳಿಗೆ ಗೊತ್ತಿರಲಿಲ್ಲ.