ಐದನೆಯ ಎಳೆ

“ಅಜ್ಜಾರ, ಸತ್ತ ಅಕ್ಕನ್ನ ನೆನಸಾಕ ಕುಂತ್ರ ಮೊದಲು ಆಕಿ ಸಿಡುಕೇ ನೆನಪಾಗ್ತದ. ಇದನ್ನ ಮನಸ್ಸಿನಿಂದ ಹೆಂಗ ತಗೀಲಿ?”

ಹೀಗೆ ಕೇಳಿದವನು ಗುರುಪಾದ, ಮಠದಲ್ಲಿ ಓದುತ್ತಿದ್ದ ಶಿಷ್ಯ. ಅವನನ್ನು ಸಾಕಿ ಬೆಳೆಸಿದವಳು ಅಕ್ಕ. ಮನೆತನದಲ್ಲಿ ಹುಟ್ಟಿದ ಪ್ರತಿ ಕೂಸಿಗೂ ಕೈಯಾರೆ ಕುಲಾವಿ ಟೊಪ್ಪಿಗೆ ಹೊಲಿದುಕೊಟ್ಟವಳು. ಅವಳು ತೀರಿಕೊಂಡು ವರ್ಷವಾಗುತ್ತ ಬಂದಿತ್ತು. ಪುಣ್ಯತಿಥಿಯ ದಿನ ನೆಂಟರ ಎದುರು ಅವಳ ಬಗ್ಗೆ ನಾಲ್ಕು ಮಾತು ಆಡುವ ಹೊಣೆ ಇವನ ಮೇಲೆ ಬಿದ್ದಿತ್ತು. ಒಳ್ಳೆಯ ಮಾತುಗಳನ್ನು ಜೋಡಿಸಲು ಕೂತಾಗಲೆಲ್ಲ ಅಕ್ಕ ಸೊಂಟಕ್ಕೆ ಕೈಯಿಟ್ಟು ಗದರುವುದೇ ಕಣ್ಣ ಮುಂದೆ ಬರುತ್ತಿತ್ತು. ಇಂಥ ಅಕ್ಕನ ಬಗ್ಗೆ ಇಂಥ ನೆನಪೇ ಎಂದು ಅವನು ತನ್ನನ್ನೇ ಹಳಿದುಕೊಳ್ಳುತ್ತಿದ್ದ.

ಮಠದ ಹಿರಿಯ ಗುರುಗಳಾದ ಅಜ್ಜನವರು ತಪ್ಪು ಎನ್ನಲಿಲ್ಲ, ಸರಿ ಎನ್ನಲಿಲ್ಲ. ಒಂದು ಕತೆ ಹೇಳಿದರು.

ಒಬ್ಬ ನೇಕಾರನಿದ್ದ. ಅವನಿಗೆ ಒಬ್ಬ ಅಕ್ಕ. ತಾಯಿ ಬೇಗ ಹೋದಳು, ಅಕ್ಕನೇ ಅವನಿಗೆ ತಾಯಿಯಾದಳು. ಮುಂದೆ ಪಕ್ಕದ ಊರಿಗೆ ಮದುವೆಯಾಗಿ ಹೋದಳು. ಅದು ತುಂಬಿದ ಮನೆ. ಅತ್ತೆ, ಮಾವ, ಮೈದುನರು, ಮಕ್ಕಳು, ದನಕರು, ಎಲ್ಲವೂ ಅವಳ ಹೆಗಲ ಮೇಲೆ. ಕೆಲಸ ಮುಗಿಸಿ ಕೂತಳೆಂದರೆ ಕೈಗೆ ಸೂಜಿ ಬರುತ್ತಿತ್ತು. ಸುಮ್ಮನೆ ಕೂತದ್ದನ್ನು ಯಾರೂ ಕಂಡಿರಲಿಲ್ಲ.

ಅವಳ ಮಗಳು ಮದುವೆಯ ವಯಸ್ಸಿಗೆ ಬಂದಳು. ಆ ಕಡೆ ಮದುಮಗಳಿಗೆ ಕಸೂತಿ ಹಾಕಿದ ಕರಿಯ ಚಂದ್ರಕಾಳಿ ಸೀರೆ ಕೊಡುವುದು ಪದ್ಧತಿ. ಸೀರೆಯನ್ನು ಸೋದರಮಾವ ನೇಯ್ದ. ಸೆರಗಿಗೆ ಕಸೂತಿ ಹಾಕಲು ತಾಯಿ ಕೂತಳು.

ಕಸೂತಿಯ ನಡೆ ನಿನಗೆ ಗೊತ್ತಿರಲಿ. ಅದಕ್ಕೆ ಬಟ್ಟೆಯ ಮೇಲೆ ಗೆರೆ ಬರೆದುಕೊಳ್ಳುವುದಿಲ್ಲ, ಬಟ್ಟೆಯ ಎಳೆ ಎಣಿಸಿ ಹೊಲಿಗೆ ಹಾಕುತ್ತಾರೆ. ನಾಲ್ಕು ಎಳೆಗೆ ಒಂದು ಹೊಲಿಗೆ, ಮುಂದಿನ ನಾಲ್ಕು ಎಳೆ ಖಾಲಿ. ಹೀಗೆ ಬಿಟ್ಟು ಬಿಟ್ಟು ದಾರ ಕೊನೆಯವರೆಗೆ ಹೋಗುತ್ತದೆ. ಆಮೇಲೆ ಅದೇ ದಾರಿಯಲ್ಲಿ ತಿರುಗಿ ಬರುತ್ತದೆ. ಬರುವಾಗ ಬಿಟ್ಟ ಜಾಗಗಳನ್ನೆಲ್ಲ ತುಂಬುತ್ತದೆ. ಆಗ ಗೆರೆ ಪೂರ್ತಿಯಾಗುತ್ತದೆ.

ಅಕ್ಕ ಸೆರಗಿನ ಎಲ್ಲ ಚಿತ್ತಾರ ಮುಗಿಸಿ, ಕೊನೆಗೆ ನಡುವಿನ ದೊಡ್ಡ ಗೋಪುರಕ್ಕೆ ಬಂದಳು. ಹೋಗುವ ಹೊಲಿಗೆ ಮುಗಿಯಿತು. ಬರುವ ಹೊಲಿಗೆಗೆ ಮೊದಲೇ ಜ್ವರ ಬಂತು, ಅವಳು ಮತ್ತೆ ಏಳಲಿಲ್ಲ. ಸೂಜಿ ಗೋಪುರದ ಕೊನೆಯಲ್ಲಿ ದಾರದ ತುದಿಗೆ ಹಾಗೇ ಉಳಿಯಿತು.

ವರ್ಷ ಕಳೆಯಿತು. ಮದುವೆ ಗೊತ್ತಾಯಿತು. ಬೇರೆ ಸೀರೆ ತಂದರಾಯಿತು ಎಂದು ಮನೆಯವರು ಹೇಳಿದರು. ಬೇರೆಯವರಿಂದ ಹೊಲಿಸಿದರಾಯಿತು ಎಂದು ನೆರೆಯವರು ಹೇಳಿದರು. ನೇಕಾರ ಒಪ್ಪಲಿಲ್ಲ.

“ಅಕ್ಕ ಹೋದ ದಾರ್ಯಾಗ ನಾನ ತಿರುಗಿ ಬರ್ತೀನಿ,” ಎಂದ.

ಓಣಿ ನಕ್ಕಿತು. ಮೀಸೆ ಹೊತ್ತವನಿಗೆ ಸೂಜಿಯ ಹುಚ್ಚು ಹಿಡಿಯಿತು ಎಂದಿತು. ನಗಲಿ ಬಿಡು, ನಗುವವರಿಗೆ ಬೇರೇನು ಕೆಲಸ. ಅವನು ಓಣಿಯ ಮುದುಕಿಯೊಬ್ಬಳ ಮುಂದೆ ಚಿಕ್ಕ ಹುಡುಗಿಯರ ಸಾಲಿನಲ್ಲಿ ಕೂತ. ಹಳೆಯ ಬಟ್ಟೆಯ ಮೇಲೆ ಹಾಕಿದ, ಮುದುಕಿ ಬಿಚ್ಚಿಸಿದಳು. ಮತ್ತೆ ಹಾಕಿದ, ಮತ್ತೆ ಬಿಚ್ಚಿಸಿದಳು. ಬೆರಳೆಲ್ಲ ತೂತಾದವು. ಮಗ್ಗದ ಕೆಲಸ ಮುಗಿಸಿ ಬಂದು ದಿನವೂ ಕೂತ. ಒಂದು ದಿನ ಮುದುಕಿ ಅವನ ಹೊಲಿಗೆಯನ್ನು ತಿರುವಿ ನೋಡಿ, ಬಿಚ್ಚಲು ಹೇಳದೆ ಸುಮ್ಮನೆ ಹಿಂದಕ್ಕೆ ಕೊಟ್ಟಳು. ಅಂದು ಅವನು ಅಕ್ಕನ ಊರಿಗೆ ಹೊರಟ.

ಈ ಒಂದು ವರ್ಷದಲ್ಲಿ ಇನ್ನೊಂದು ಸಂಗತಿ ನಡೆದಿತ್ತು. ಸತ್ತವರನ್ನು ಹೊಗಳುವುದರಲ್ಲಿ ನಮ್ಮ ಜನ ಕೈ ಬಿಗಿ ಹಿಡಿಯುವವರಲ್ಲ. ಆಕೆ ದೇವತೆ ಎಂದರು. ಒಂದು ದಿನವೂ ದನಿ ಏರಿಸಿದವಳಲ್ಲ ಎಂದರು. ಅವಳ ಕೈ ಒಮ್ಮೆಯೂ ತಪ್ಪಿದ್ದಿಲ್ಲ ಎಂದರು. ನೇಕಾರನೂ ತಲೆಯಾಡಿಸಿದ. ತಾನೂ ಅದನ್ನೇ ನಾಲ್ಕು ಜನಕ್ಕೆ ಹೇಳಿದ. ಹೇಳುತ್ತ ಹೇಳುತ್ತ ಅಕ್ಕ ಗೋಡೆಯ ಮೇಲಿನ ಪಟವಾದಳು. ಮುಖ ನೆನಪಿತ್ತು, ದನಿ ಮಾತ್ರ ಎಷ್ಟು ಪ್ರಯತ್ನಪಟ್ಟರೂ ಕಿವಿಗೆ ಬರುತ್ತಿರಲಿಲ್ಲ. ಇದನ್ನು ಅವನು ಯಾರಿಗೂ ಹೇಳಿರಲಿಲ್ಲ. ಒಳಗೇ ಹೆದರಿದ್ದ.

ಅಕ್ಕನ ಮನೆಯಲ್ಲಿ ಸೆರಗು ಬಿಡಿಸಿ, ಸೂಜಿ ಎತ್ತುವ ಮೊದಲು ಒಮ್ಮೆ ಹೊಲಿಗೆಯನ್ನೆಲ್ಲ ಕಣ್ಣಿನಿಂದ ಎಣಿಸಿದ. ಗೋಪುರದ ಹೆಗಲ ಹತ್ತಿರ ಕಣ್ಣು ನಿಂತಿತು. ಅಲ್ಲಿ ಒಂದು ಹೊಲಿಗೆ ನಾಲ್ಕು ಎಳೆಗೆ ಬದಲು ಐದು ಎಳೆ ದಾಟಿತ್ತು. ಅಲ್ಲಿಂದ ಮುಂದೆ ಗೋಪುರ ಒಂದಿಷ್ಟು ವಾಲಿತ್ತು. ತನ್ನ ಎಣಿಕೆಯೇ ತಪ್ಪಿರಬೇಕು ಎಂದುಕೊಂಡ. ಮತ್ತೆ ಎಣಿಸಿದ. ಬಟ್ಟೆ ಅವನೇ ನೇಯ್ದದ್ದು, ಎಳೆ ಅವನಿಗೆ ಸುಳ್ಳು ಹೇಳುವಂತಿರಲಿಲ್ಲ. ತಪ್ಪು ಅಕ್ಕನದೇ.

ಯಾರೋ ಅಕ್ಕನನ್ನು ನಿಂದಿಸಿದಷ್ಟು ನೋವಾಯಿತು ಅವನಿಗೆ. ಇದು ಯಾರ ಕಣ್ಣಿಗೂ ಬೀಳಬಾರದು ಎಂದು ಹಟ ಹಿಡಿದ. ಆದರೆ ಆ ಒಂದು ಹೊಲಿಗೆಯನ್ನು ಮುಟ್ಟಬೇಕಾದರೆ ದಾರವನ್ನು ಕೊನೆಯಿಂದ ಬಿಚ್ಚುತ್ತ ಬರಬೇಕು. ಬಿಚ್ಚತೊಡಗಿದ. ಅವಳು ಆಮೇಲೆ ಹಾಕಿದ ಸರಿಯಾದ ಹೊಲಿಗೆಗಳೆಲ್ಲ ಒಂದೊಂದಾಗಿ ಹೊರಗೆ ಬಂದವು. ಹೆಗಲು ಇನ್ನೂ ದೂರವಿತ್ತು, ಅಕ್ಕನ ದಾರ ಆಗಲೇ ಅವನ ತೊಡೆಯ ಮೇಲೆ ಸುರುಳಿಯಾಗಿ ಬಿದ್ದಿತ್ತು.

ಸೋದರಸೊಸೆ ನೀರು ತಂದಳು. ಕಂಡವಳೇ ತಂಬಿಗೆ ಇಟ್ಟು ಸೆರಗು ಹಿಡಿದಳು.

“ಮಾಮಾ, ಏನ್ ಮಾಡಾಕತ್ತೀ? ಅದು ಅವ್ವನ ದಾರ!”

“ನಿಮ್ಮವ್ವ ಇಲ್ಲಿ ಒಂದೆಳಿ ತಪ್ಯಾಳ. ಬೀಗರು ನೋಡಿದ್ರ ಆಡಿಕೋತಾರ. ಸರಿ ಮಾಡಾಕತ್ತೀನಿ.”

ಅವಳು ಬಾಗಿ ನೋಡಿದಳು. ನೋಡಿ ನಕ್ಕಳು.

“ಇದು ಪಂಚಮಿ ದಿನ ಹಾಕಿದ್ದು. ಹಬ್ಬಕ್ಕ ತವರಿಗೆ ಕರಕೊಂಡು ಹೋಗಾಕ ಮುಂಜಾನಿನ ಬರ್ತೀನಿ ಅಂದಿದ್ದಿ. ಅವ್ವ ಹೊಸ್ತಿಲದಾಗ ಕುಂತು ಒಂದು ಹೊಲಿಗಿ ಹಾಕೂದು, ಎದ್ದು ದಾರಿ ನೋಡೂದು. ನೀ ಬಂದಿದ್ದು ಹೊತ್ತು ಮುಳುಗಿದ ಮ್ಯಾಲ. ಆಕಿ ಹೆಂಗ ಬೈದ್ಲು, ಮರತೀಯೇನು? ‘ಈಗ ಬಂದ್ಯಾ ಸುಂಬಳಬುರಕಾ, ಮುಂದಿನ ಪಂಚಮಿಗೆ ಬರಬೇಕಿತ್ತಲ್ಲ!’ ಓಣಿ ಮಂದಿಯೆಲ್ಲಾ ಕೇಳಿದ್ರು.”

ನೇಕಾರ ಕೈ ಬಿಟ್ಟು ಕೂತ. ಮೀಸೆ ನರೆಯುತ್ತ ಬಂದವನನ್ನು ಬೀಗರ ಓಣಿಯಲ್ಲಿ ನಿಲ್ಲಿಸಿ ಸುಂಬಳಬುರುಕ ಎನ್ನುವ ಬಾಯಿ ಲೋಕದಲ್ಲಿ ಒಂದೇ ಇತ್ತು. ಆ ಬಾಯಿಯ ದನಿ ಈಗ ಪಕ್ಕದ ಕೋಣೆಯಿಂದ ಬಂದ ಹಾಗೆ ಕೇಳಿಸಿತು. ಅದರ ಹಿಂದೆಯೇ ಉಳಿದದ್ದೂ ಬಂತು. ಬಂಡಿಯ ಅಚ್ಚು ಮುರಿದದ್ದನ್ನು ಹೇಳಲು ಹೋದರೆ ಅವಳು ಕೇಳಿಸಿಕೊಳ್ಳಲಿಲ್ಲ. ಬೈಯುತ್ತಲೇ ಕಾಲಿಗೆ ನೀರು ಕೊಟ್ಟಳು. ಬೈಯುತ್ತಲೇ ಶೇಂಗಾದ ಉಂಡಿ ಕೈಗಿಟ್ಟಳು. ಅವನು ತಿನ್ನುವವರೆಗೆ ಎದುರಿನಿಂದ ಏಳಲಿಲ್ಲ. ನೇಕಾರ ಮೊದಲು ನಕ್ಕ. ಆಮೇಲೆ ಅತ್ತ. ಅಕ್ಕ ಸತ್ತ ದಿನವೂ ಅವನು ಹಾಗೆ ಅತ್ತಿರಲಿಲ್ಲ.

ಅತ್ತು ಮುಗಿದ ಮೇಲೆ ಮುಖ ತೊಳೆದು ಬಂದು ಕೂತ. ಸೆರಗನ್ನು ಬಾಗಿಲ ಬೆಳಕಿಗೆ ಹಿಡಿದ. ದಾರ ಹೋಗಿದ್ದರೂ ಅಕ್ಕನ ಸೂಜಿ ಮಾಡಿದ ತೂತುಗಳು ಬಟ್ಟೆಯಲ್ಲಿ ಹಾಗೇ ಇದ್ದವು. ಅದೇ ದಾರವನ್ನು ಅವೇ ತೂತುಗಳಲ್ಲಿ ಮತ್ತೆ ಕೊನೆಯವರೆಗೆ ಒಯ್ದ. ಅಲ್ಲಿಂದ ತಿರುಗಿದ. ಅವಳ ಒಂದು ಹೊಲಿಗೆ, ಅವನ ಒಂದು ಹೊಲಿಗೆ. ಹೆಗಲಿಗೆ ಬಂದಾಗ ಕೈ ತಡೆಯಲಿಲ್ಲ. ಅವಳು ಐದು ಎಳೆ ದಾಟಿದಲ್ಲಿ ಅವನೂ ಐದೇ ಎಂದು ಎಣಿಸಿದ, ಆ ಹೊಲಿಗೆಯ ಎರಡೂ ಬದಿಯನ್ನು ತುಂಬಿದ, ಮುಂದಕ್ಕೆ ನಡೆದ. ಗೋಪುರ ವಾಲಿಕೊಂಡೇ ಪೂರ್ತಿಯಾಯಿತು.

ಮದುವೆಯ ದಿನ ಹುಡುಗಿ ಆ ಸೀರೆ ಉಟ್ಟಳು. ಬೀಗರ ಕಡೆಯ ಹೆಂಗಸೊಬ್ಬಳು ಸೆರಗು ಹಿಡಿದು ನೋಡಿದಳು. ಅಂಥವರು ಎಲ್ಲ ಮದುವೆಯಲ್ಲೂ ಇರುತ್ತಾರೆ.

“ಗೋಪುರ ಇಲ್ಲಿ ವಾಲೇದಲ್ಲವಾ?” ಎಂದಳು.

“ಹೌದ್ರೀ ಅತ್ತಿ,” ಎಂದಳು ಹುಡುಗಿ ತಲೆಯೆತ್ತಿ. “ಅಲ್ಲಿ ನಮ್ಮ ಮಾಮಾ ತಡಾ ಮಾಡಿ ಬಂದಾನ.”

ಅಜ್ಜನವರು ಕತೆ ನಿಲ್ಲಿಸಿದರು. ಗುರುಪಾದ ಇನ್ನೇನೋ ಬರಲಿದೆ ಎಂದು ಕಾಯುತ್ತ ಕೂತಿದ್ದ. ಗುರುಪಾದ ಎಂಬುದು ಮಠದಲ್ಲಿ ಕೊಟ್ಟ ಹೆಸರು. ಈಗ ಅವನನ್ನು ಎಲ್ಲರೂ ಹಾಗೆಯೇ ಕರೆಯುತ್ತಿದ್ದರು.

ಅಜ್ಜನವರು ಅವನ ಮುಖ ನೋಡಿ ಕೇಳಿದರು: “ಬೈಯುವಾಗ ನಿನ್ನ ಅಕ್ಕ ನಿನ್ನನ್ನು ಏನೆಂದು ಕರೆಯುತ್ತಿದ್ದಳು?”