ಒಬ್ಬನೇ ಹಗೇವಿಗೆ ಇಳಿದ ರೈತ

“ಅಜ್ಜಾರೇ, ಕಷ್ಟಕಾಲಕ್ಕೆಂದು ಮನೆಯಲ್ಲಿ ಎಷ್ಟು ಕೂಡಿಡಬೇಕು?”

ಕೇಳಿದವನು ನಾಗಲಿಂಗ. ಮಠದಲ್ಲಿದ್ದು ಓದಿದವನು, ಈಗ ಸಂಸಾರಿ. ಹೋದ ಮಳೆಗಾಲದಲ್ಲಿ ಹೊಳೆ ಬಂದು ದಾರಿ ಕಟ್ಟಿದಾಗ ಅವನ ಮನೆಯಲ್ಲಿ ಮೂರು ದಿನ ಒಲೆ ಹೊತ್ತಿರಲಿಲ್ಲ. ನಾಲ್ಕು ವರ್ಷದ ಮಗಳು ಹಸಿವು ಹಸಿವು ಎಂದು ಅತ್ತದ್ದು ಇನ್ನೂ ಅವನ ಕಿವಿಯಲ್ಲಿತ್ತು. ಈ ಸಲ ಮಳೆಗೆ ಮುಂಚೆಯೇ ಒಂದು ಚೀಟಿ ಬರೆದುಕೊಂಡು ಬಂದಿದ್ದ. ಅಕ್ಕಿ, ಜೋಳ, ತೊಗರಿಬೇಳೆ, ಉಪ್ಪು, ಬೆಲ್ಲ, ಒಣಮೆಣಸಿನಕಾಯಿ, ಎಣ್ಣೆ, ಕಡ್ಡಿಪೆಟ್ಟಿಗೆ. ಪ್ರತಿಯೊಂದರ ಮುಂದೆಯೂ ಜಾಗ ಖಾಲಿ ಬಿಟ್ಟಿದ್ದ. ಅಜ್ಜಾರು ಹೇಳಿದ್ದನ್ನು ತುಂಬಿಕೊಂಡು ಹೋಗುವುದಷ್ಟೇ ಬಾಕಿ.

ಅಜ್ಜಾರು ಆ ಮಠದ ಹಿರಿಯ ಸ್ವಾಮಿಗಳು. ಚೀಟಿಯನ್ನು ಕಣ್ಣಿನ ಹತ್ತಿರ ಹಿಡಿದು ಓದಿದರು. “ಭಲೇ! ಉಪ್ಪಿನಕಾಯಿ ಮರೆತಿದ್ದೀಯಲ್ಲೋ ಮಹರಾಯ,” ಎಂದರು.

ನಾಗಲಿಂಗ ನಗಲಿಲ್ಲ. “ಮಗಳ ಮುಖ ನೋಡಲು ಆಗಲಿಲ್ಲ ಅಜ್ಜಾರೇ. ಇನ್ನೊಂದು ಸಲ ಹಾಗಾದರೆ ನಾನು ತಡೆಯಲಾರೆ.”

ಅಜ್ಜಾರು ಚೀಟಿ ಮಡಚಿ ಅವನ ಕೈಗೆ ಕೊಟ್ಟರು. ಕೂತುಕೋ ಎಂದು ಕೈಸನ್ನೆ ಮಾಡಿ ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ರೈತನಿದ್ದ. ಹೆಸರು ಬೇಡ ಬಿಡು, ಅವನ ಮೊಮ್ಮಕ್ಕಳು ಈಗಲೂ ಇಲ್ಲಿಗೆ ಬಂದು ಹೋಗುತ್ತಾರೆ. ಊರು ಎರಡು ಹಳ್ಳಗಳ ನಡುವಿನ ದಿಬ್ಬದ ಮೇಲಿತ್ತು. ಎರಡೂ ಹಳ್ಳ ತುಂಬಿದರೆ ಯಾರೂ ಹೊರಗೆ ಹೋಗುವಂತಿಲ್ಲ, ಯಾರೂ ಒಳಗೆ ಬರುವಂತಿಲ್ಲ. ಪ್ರತಿ ವರ್ಷ ಐದಾರು ದಿನ ಹಾಗೆ ಆಗುತ್ತಿತ್ತು. ಜನಕ್ಕೆ ಅದು ರೂಢಿಯಾಗಿತ್ತು.

ನೀನು ಡಬ್ಬಿಗಳಲ್ಲಿ ತುಂಬಿಡುವವನು, ನಿನಗೆ ಹಗೇವು ಗೊತ್ತಿಲ್ಲ. ಹಗೇವು ಎಂದರೆ ನೆಲದೊಳಗೆ ತೋಡಿದ ಕಣಜ. ಮೂರಾಳು ಆಳ. ಬಾಯಿ ಚಿಕ್ಕದು, ಹೊಟ್ಟೆ ದೊಡ್ಡದು. ಸುತ್ತಲೂ ಹುಲ್ಲು ಒತ್ತಿ, ಜೋಳ ಸುರಿದು, ಮೇಲೆ ಹಾಸುಗಲ್ಲು ಮುಚ್ಚಿ ಮಣ್ಣು ಮೆತ್ತಿಬಿಟ್ಟರೆ ಮೂರು ವರ್ಷ ಹುಳು ಮುಟ್ಟುವುದಿಲ್ಲ.

ಆದರೆ ಹಗೇವಿಗೆ ಎರಡು ಕಟ್ಟಳೆ. ಒಂದು ಸಲ ತೆರೆದರೆ ಮತ್ತೆ ಮುಚ್ಚುವಂತಿಲ್ಲ. ಮಳೆಗಾಲದ ಗಾಳಿ ಒಳಗೆ ಹೊಕ್ಕರೆ ಜೋಳ ಮುಗ್ಗುತ್ತದೆ. ಆದ್ದರಿಂದ ಒಂದು ಮನೆಯ ಹಗೇವು ತೆರೆಯಿತು ಎಂದರೆ ಓಣಿಯೆಲ್ಲ ಬಂದು ಒಯ್ಯುತ್ತಿತ್ತು. ಮುಂದೆ ಇನ್ನೊಬ್ಬರದು ತೆರೆದಾಗ ಇವರು ಹೋಗಿ ತರುತ್ತಿದ್ದರು.

ಎರಡನೆಯದು, ತೆರೆದ ದಿನವೇ ಯಾರೂ ಒಳಗೆ ಇಳಿಯುವಂತಿಲ್ಲ. ವರ್ಷಗಟ್ಟಲೆ ಮುಚ್ಚಿದ್ದ ಗಾಳಿ ಅದು, ಕೆಟ್ಟಿರುತ್ತದೆ. ಒಂದು ಹಗಲು ಒಂದು ರಾತ್ರಿ ಬಾಯಿ ತೆರೆದಿಟ್ಟು, ಮಾರನೆಯ ದಿನ ದೀಪ ಇಳಿಬಿಡಬೇಕು. ದೀಪ ಉರಿದರೆ ಒಬ್ಬನು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿಯಬೇಕು. ಮೇಲೆ ನಾಲ್ಕು ಜನ ಹಗ್ಗ ಹಿಡಿದು ನಿಂತು ಅವನನ್ನು ಮಾತಾಡಿಸುತ್ತಲೇ ಇರಬೇಕು. ಅವನು ಓಗೊಡದಿದ್ದರೆ ಹಿಂದೆ ಮುಂದೆ ನೋಡದೆ ಎಳೆದುಬಿಡಬೇಕು.

ಆ ವರ್ಷ ಮಳೆ ಹಿಡಿಯಿತು ನೋಡು, ಬಿಡಲೇ ಇಲ್ಲ. ಜೋರು ಮಳೆಯೂ ಅಲ್ಲ. ಸಣ್ಣಗೆ, ಸದ್ದಿಲ್ಲದೆ, ಹಗಲೂ ರಾತ್ರಿ. ಎರಡೂ ಹಳ್ಳ ತುಂಬಿ ಊರನ್ನು ಬಳಸಿ ನಿಂತವು. ಸೂರ್ಯ ಕಾಣಲಿಲ್ಲ. ಬೆಳಗು ಯಾವುದು ಸಂಜೆ ಯಾವುದು ತಿಳಿಯದಾಯಿತು. ಜನ ಕೂತಲ್ಲೇ ತೂಕಡಿಸುತ್ತಿದ್ದರು. ಎಚ್ಚರವಾದರೆ ಇದು ನಿನ್ನೆಯೋ ಇವತ್ತೋ ಎಂದು ಒಬ್ಬರನ್ನೊಬ್ಬರು ಕೇಳುತ್ತಿದ್ದರು. ನಾಯಿಗಳೂ ಬೊಗಳುವುದನ್ನು ಬಿಟ್ಟಿದ್ದವು. ಇಡೀ ಊರು ನಿದ್ದೆಯಲ್ಲಿ ನಡೆದಾಡಿದ ಹಾಗೆ ಇತ್ತು.

ಒಂದು ವಾರಕ್ಕೆ ಮನೆಯೊಳಗಿನ ಮಡಕೆಗಳು ಬರಿದಾದವು. ರೈತನ ಓಣಿಯಲ್ಲಿ ಹನ್ನೊಂದು ಮನೆ. ಹಿಂದಿನ ಬೆಳೆ ಅಷ್ಟಕ್ಕಷ್ಟೇ ಆಗಿದ್ದರಿಂದ ಎರಡೇ ಮನೆಯವರು ಹಗೇವು ತುಂಬಿದ್ದರು. ಒಂದು ತಿಪ್ಪವ್ವ ಎಂಬ ಮುದುಕಿಯದು, ಇನ್ನೊಂದು ರೈತನದು.

ತಿಪ್ಪವ್ವ ಮೊದಲು ತೆರೆಸಿದಳು. ಯಾರೂ ಕೇಳಲಿಲ್ಲ, ತಾನೇ ಬೀದಿಗೆ ಬಂದು ಕೂಗಿದಳು. “ಬರ್ರೋ, ಕೈಕಾಲು ಗಟ್ಟಿ ಇದ್ದವರು ನಾಲ್ಕು ಜನ ಬರ್ರಿ. ಕಲ್ಲು ಸರಿಸಬೇಕು.” ಅವಳ ಹಗೇವು ಚಿಕ್ಕದು. ಹನ್ನೊಂದು ಮನೆಯವರು ಹದಿನೆಂಟು ದಿನ ಉಂಡರು. ರೈತನೂ ಉಂಡ. ಅವನ ಹೆಂಡತಿ ಹೆತ್ತು ಹದಿನೈದು ದಿನದ ಬಾಣಂತಿ. ತಿಪ್ಪವ್ವ ಅವಳಿಗೆಂದು ಎರಡು ಬೊಗಸೆ ಹೆಚ್ಚು ಹಾಕಿ ಕಳಿಸುತ್ತಿದ್ದಳು.

ಹತ್ತೊಂಬತ್ತನೆಯ ದಿನ ತಿಪ್ಪವ್ವನ ಹಗೇವಿನ ತಳ ಕಂಡಿತು. ಓಣಿಯವರು ರೈತನ ಮುಖ ನೋಡಿದರು.

ರೈತ ಹೇಳಿದ, “ಇವತ್ತೊಂದು ದಿನ ನೋಡೋಣ. ನಾಳೆ ನೀರು ಇಳಿದೀತು.”

ನೀರು ಇಳಿಯಲಿಲ್ಲ. ಮಾರನೆಯ ದಿನವೂ ಅದನ್ನೇ ಹೇಳಿದ. ಅದರ ಮಾರನೆಯ ದಿನ ಹೊರಗೆ ಬರಲೇ ಇಲ್ಲ. ಜನ ಹುಣಸೆಬೀಜ ಹುರಿದು ತಿಂದರು, ಬೇಲಿಯ ಸೊಪ್ಪು ಬೇಯಿಸಿ ಕುಡಿದರು. ಹಗೇವು ಅವನದು, ಅವನೇ ತೆರೆಯಬೇಕು. ಇನ್ನೊಬ್ಬರ ಕಲ್ಲಿಗೆ ಕೈ ಹಚ್ಚುವವರು ಆ ಊರಿನಲ್ಲಿ ಇರಲಿಲ್ಲ.

ನಾಗಲಿಂಗನಿಗೆ ತಡೆಯಲಾಗಲಿಲ್ಲ. “ಎಂಥ ಪಾಪಿ ಅಜ್ಜಾರೇ ಅವನು! ಹದಿನೆಂಟು ದಿನ ಅವಳ ಅನ್ನ ಉಂಡು…”

“ಸುಮ್ಮನಿರು,” ಎಂದು ಅಜ್ಜಾರು ಗದರಿದರು. “ಪಾಪಿಯಲ್ಲ ಅವನು. ಹೆದರಿದವನು. ನಿನ್ನ ಹಾಗೆ.”

ಅಜ್ಜಾರು ಮುಂದುವರಿಸಿದರು.

ಆ ರೈತ ಹುಡುಗನಾಗಿದ್ದಾಗ ಒಂದು ಕೆಟ್ಟ ವರ್ಷ ಬಂದಿತ್ತು. ಅವನ ಅವ್ವ ದಿನವೂ ಅವನಿಗೆ ಬಡಿಸಿ, ನನ್ನದು ಆಯಿತು, ನೀನು ಉಣ್ಣು ಎನ್ನುತ್ತಿದ್ದಳು. ಒಂದು ದಿನ ಅವಳು ಮಲಗಿದವಳು ಏಳಲಿಲ್ಲ. ಅವಳದು ಒಂದು ದಿನವೂ ಆಗಿರಲಿಲ್ಲ ಎಂಬುದು ಅವನಿಗೆ ಆಮೇಲೆ ಗೊತ್ತಾಯಿತು. ಅವತ್ತಿನಿಂದ ಅವನಿಗೆ ಬರಿದಾದ ಮಡಕೆ ಕಂಡರೆ ಮೈ ನಡುಗುತ್ತಿತ್ತು. ತನ್ನ ಮನೆಯವರು ಮಾತ್ರ ಉಂಡರೆ ಹಗೇವು ಏಳು ತಿಂಗಳು ಬಂದೀತು, ಓಣಿಯೆಲ್ಲ ಉಂಡರೆ ಇಪ್ಪತ್ತೇ ದಿನ. ಇಪ್ಪತ್ತು ದಿನಕ್ಕೂ ನೀರು ಇಳಿಯದಿದ್ದರೆ? ಅವನು ಇದನ್ನೇ ಯೋಚಿಸುತ್ತಾ ಕೂರುತ್ತಿದ್ದ. ಅವನ ಸಂಕಟ ನನಗೆ ಅರ್ಥವಾಗುತ್ತದೆ. ಅಯ್ಯೋ ಪಾಪ ಎನಿಸುತ್ತದೆ.

ನಾಲ್ಕನೆಯ ದಿನ ಹೆಂಡತಿ ಅವನ ಮುಂದೆ ಕೂಸನ್ನು ಹಿಡಿದು ನಿಂತಳು. “ನನಗೆ ಹಾಲು ಬತ್ತುತ್ತಾ ಇದೆ. ಇದಕ್ಕೆ ಅಳುವುದಕ್ಕೂ ತ್ರಾಣ ಇಲ್ಲ. ಯಾರಿಗಾಗಿ ಕಾದಿಟ್ಟಿದ್ದೀರಿ ನೀವು ಆ ಜೋಳ?”

ಅವನು ಎದ್ದು ಹಿತ್ತಲಿಗೆ ಹೋದ.

ನಡುಹಗಲು. ಮಳೆ ಜಿನುಗುತ್ತಿತ್ತು. ಓಣಿಯೆಲ್ಲ ಹಸಿದು ಮಲಗಿತ್ತು. ಅವನು ಒಂದು ಉಪಾಯ ಹೂಡಿದ. ಸದ್ದಾಗದಂತೆ ಕಲ್ಲು ಸರಿಸುವುದು, ಒಂದು ಬುಟ್ಟಿ ಜೋಳ ತೆಗೆಯುವುದು, ಕೂಡಲೇ ಮುಚ್ಚಿ ಮಣ್ಣು ಮೆತ್ತುವುದು. ಅಷ್ಟು ಹೊತ್ತಿಗೆ ಎಷ್ಟು ಗಾಳಿ ಹೊಕ್ಕೀತು? ಯಾರಿಗೆ ತಿಳಿದೀತು? ಮಾರನೆಯ ದಿನದವರೆಗೆ ಬಾಯಿ ತೆರೆದಿಡುವಂತಿರಲಿಲ್ಲ. ತೆರೆದ ಹಗೇವನ್ನು ಯಾರಾದರೂ ಕಂಡರೆ ಓಣಿಯೆಲ್ಲ ಬುಟ್ಟಿ ಹಿಡಿದು ಬರುತ್ತದೆ.

ಹಾರೆ ಹಾಕಿ ಕಲ್ಲು ಸರಿಸಿದ. ದೀಪ ಇಳಿಬಿಟ್ಟ. ದೀಪ ಆರಿತು. ಗಾಳಿಗೆ ಆರಿತು ಎಂದುಕೊಂಡ. ಹಗೇವಿನೊಳಗೆ ಎಲ್ಲಿಯ ಗಾಳಿ! ಅಷ್ಟೂ ತಿಳಿಯದವನೇ ಅವನು? ತಿಳಿದಿತ್ತು. ಆದರೆ ತಿಳಿದದ್ದನ್ನು ಅವತ್ತು ಅವನು ಕೇಳಿಸಿಕೊಳ್ಳಲಿಲ್ಲ. ಅಭ್ಯಾಸವಿತ್ತಲ್ಲ, ಹಗ್ಗವನ್ನು ಸೊಂಟಕ್ಕೆ ಕಟ್ಟಿಕೊಂಡ. ಇನ್ನೊಂದು ತುದಿಯನ್ನು ಹಿಡಿಯಲು ಯಾರೂ ಇಲ್ಲ. ಅದನ್ನು ಬೇವಿನ ಮರಕ್ಕೆ ಬಿಗಿದ. ಮರ ಹಗ್ಗವನ್ನು ಹಿಡಿದುಕೊಂಡೀತು, ಎಳೆದೀತೇ?

ಒಂದಾಳು ಇಳಿದ ಮೇಲೆ ಕಾಲಿಗೆ ಜೋಳ ಸಿಕ್ಕಿತು. ಬೆಚ್ಚಗಿತ್ತು. ತಿಂಗಳಿನಿಂದ ಮಳೆಯಲ್ಲಿ ನೆಂದ ಕಾಲಿಗೆ ಆ ಬಿಸುಪು ಹಿತವಾಯಿತು. ಬುಟ್ಟಿ ಅರ್ಧ ತುಂಬಿದ. ಸ್ವಲ್ಪ ಕೂತು ತುಂಬೋಣ ಎನಿಸಿತು, ಕೂತ. ಸ್ವಲ್ಪ ಒರಗೋಣ ಎನಿಸಿತು, ಒರಗಿದ.

ಎಲ್ಲಿಂದಲೋ ರೊಟ್ಟಿ ಬಡಿಯುವ ಸದ್ದು ಕೇಳಿಸಿತು. ನೋಡಿದರೆ ಅವ್ವ ಒಲೆಯ ಮುಂದೆ ಕೂತಿದ್ದಾಳೆ. ಸತ್ತವಳು ಹೇಗೆ ಬಂದಳು ಎಂದು ಅವನಿಗೆ ಅನ್ನಿಸಲೇ ಇಲ್ಲ. ಒಂದು ರೊಟ್ಟಿ ಹಾಕಿದಳು, ಉಂಡ. ಇನ್ನೊಂದು ಹಾಕಿದಳು, ಉಂಡ. ಎಷ್ಟು ಉಂಡರೂ ಅವಳ ಮುಂದಿನ ಹಿಟ್ಟು ತೀರುತ್ತಿರಲಿಲ್ಲ. ಹೊರಗೆ ಬಿಸಿಲು ಬಿದ್ದಿತ್ತು. ಅವನಿಗೆ ಜನ್ಮದಲ್ಲೇ ಅಂಥ ನೆಮ್ಮದಿ ಆಗಿರಲಿಲ್ಲ. ಇಲ್ಲೇ ಇದ್ದುಬಿಡೋಣ ಎಂದುಕೊಂಡ. ನೋಡು ನಾಗಲಿಂಗ, ಸಾವು ಅವನ ಬಳಿಗೆ ಅಷ್ಟು ಅಕ್ಕರೆಯಿಂದ ಬರುತ್ತಿತ್ತು.

ಹೆಂಡತಿ ಹಿತ್ತಲಿಗೆ ಬಂದಳು. ಕಲ್ಲು ಸರಿದಿತ್ತು. ಹಗ್ಗ ಮರದಿಂದ ಹಗೇವಿಗೆ ಇಳಿದಿತ್ತು. ಅವಳು ಬಾಯಿಗೆ ಬಗ್ಗಿ ಕೂಗಿದಳು. ಒಳಗಿನಿಂದ ತೊದಲು ದನಿ ಬಂತು. “ಇನ್ನೊಂದು ಹಾಕವ್ವಾ.” ಆಮೇಲೆ ಅದೂ ನಿಂತಿತು.

ಅವಳು ಬೀದಿಗೆ ಓಡಿ ಬೊಬ್ಬೆ ಹಾಕಿದಳು. ಓಣಿಯೆಲ್ಲ ಎದ್ದು ಬಂತು. ಬಂದವರಿಗೆ ನಡೆದದ್ದೇನು ಎಂದು ಯಾರೂ ಹೇಳಬೇಕಾಗಿರಲಿಲ್ಲ. ಸರಿದ ಕಲ್ಲು ಕಂಡಿತು, ಒಳಗೆ ಒಂದೇ ಒಂದು ಬುಟ್ಟಿ ಕಂಡಿತು. ಯಾರಾದರೂ ಸಾಯಲಿ ಬಿಡು ಎಂದಿದ್ದರೆ ನಾನು ಅವರನ್ನು ಬಯ್ಯುತ್ತಿರಲಿಲ್ಲ. ಯಾರೂ ಹಾಗೆ ಎನ್ನಲಿಲ್ಲ. ನಾಲ್ಕು ಜನ ಹಗ್ಗಕ್ಕೆ ಕೈ ಹಾಕಿದರು.

ಎಳೆದರು. ಅವನು ಒಂದು ಮೊಳ ಮೇಲೆ ಬಂದ. ಅಷ್ಟರಲ್ಲಿ ಒಬ್ಬನ ಕೈ ಸೋತಿತು, ಇನ್ನೊಬ್ಬನ ಕಣ್ಣು ಕತ್ತಲಿಟ್ಟಿತು, ಹಗ್ಗ ಜಾರಿತು. ಅವನು ಮತ್ತೆ ಜೋಳದ ಮೇಲೆ ಬಿದ್ದ. ಎರಡನೆಯ ಸಲ ಎಳೆದರು. ಮತ್ತೆ ಜಾರಿತು. ಮೊದಲಾಗಿದ್ದರೆ ಆ ನಾಲ್ವರು ಅವನನ್ನು ಕೂಸಿನ ಹಾಗೆ ಎತ್ತಿ ಹಾಕುತ್ತಿದ್ದರು. ಆದರೆ ಅವರ ಹೊಟ್ಟೆಗೆ ನಾಲ್ಕು ದಿನದಿಂದ ಹುಣಸೆಬೀಜವಲ್ಲದೆ ಏನೂ ಬಿದ್ದಿರಲಿಲ್ಲ. ಹೆಂಡತಿ ಎದೆ ಎದೆ ಬಡಿದುಕೊಂಡು ಅಳುತ್ತಿದ್ದಳು.

ತಿಪ್ಪವ್ವ ಮುಂದೆ ಬಂದಳು. “ಏ, ಹೆಂಗಸರೂ ಹಿಡೀರೇ! ಎಲ್ಲರೂ ಹಿಡೀರಿ. ಎಳೆದಷ್ಟನ್ನು ನಾನು ಮರಕ್ಕೆ ಸುತ್ತುತ್ತೇನೆ. ಹಿಂದಕ್ಕೆ ಜಾರಬಾರದು.” ಹನ್ನೊಂದು ಮನೆಯವರು ಹಗ್ಗ ಹಿಡಿದರು. ಒಂದು ಗೇಣು ಎಳೆಯುವರು, ನಿಂತು ಏದುಸಿರು ಬಿಡುವರು. ಮುದುಕಿ ಆ ಗೇಣನ್ನು ಮರಕ್ಕೆ ಸುತ್ತುವಳು. ಮತ್ತೆ ಒಂದು ಗೇಣು. ಹಾಗೆ ಅವನ ತಲೆ ಕಂಡಿತು, ತೋಳು ಕಂಡಿತು, ಕೊನೆಗೆ ಅವನನ್ನು ಹೊರಗೆ ಎಳೆದು ಮಳೆಯಲ್ಲಿ ಮಲಗಿಸಿದರು.

ಎಷ್ಟೋ ಹೊತ್ತಿನ ಮೇಲೆ ಉಸಿರು ನೆಟ್ಟಗೆ ಆಡಿತು. ಕಣ್ಣು ಬಿಟ್ಟ. ಇನ್ನೂ ಆ ಕನಸಿನಲ್ಲೇ ಇದ್ದ. ಮೇಲೆ ಬಗ್ಗಿದ್ದ ತಿಪ್ಪವ್ವನ ಮುಖ ನೋಡಿ ತನ್ನ ಅವ್ವನೇ ಎಂದುಕೊಂಡ. ಹುಡುಗನಾಗಿದ್ದಾಗ ಕೇಳದೆ ಬಿಟ್ಟಿದ್ದನ್ನು ಕೇಳಿದ.

“ಅವ್ವಾ, ನಿನ್ನದು ಆಯಿತಾ?”

ತಿಪ್ಪವ್ವ ಸುಳ್ಳು ಹೇಳಲಿಲ್ಲ. “ಇಲ್ಲಪ್ಪಾ,” ಎಂದಳು. “ನಾಲ್ಕು ದಿನ ಆಯಿತು.”

ರೈತ ಪೂರ್ತಿ ಎಚ್ಚರವಾದ. ಸುತ್ತಲೂ ನಿಂತವರ ಅಂಗೈ ಸುಲಿದು ರಕ್ತ ಬರುತ್ತಿತ್ತು. ಅವನು ಮಣ್ಣಿನಲ್ಲಿ ಮುಖ ಒತ್ತಿ ಅತ್ತ. ದೊಡ್ಡವರು ಅಳುವ ಹಾಗಲ್ಲ, ಮಕ್ಕಳು ಅಳುವ ಹಾಗೆ.

ಹಗೇವು ಆ ರಾತ್ರಿ ತೆರೆದೇ ಇತ್ತು. ಮಾರನೆಯ ದಿನ ದೀಪ ಉರಿಯಿತು. ಹನ್ನೊಂದು ಮನೆಯ ಒಲೆಗಳೂ ಉರಿದವು. ಕೂಸಿಗೆ ಹಾಲು ಬಂತು. ಒಂಬತ್ತನೆಯ ದಿನ ಮಳೆ ಬಿಟ್ಟು ಹಳ್ಳ ಇಳಿಯಿತು. ಉಳಿದ ಜೋಳವನ್ನು ಅವರವರ ಮಡಕೆಗೆ ಹಂಚಿಕೊಂಡರು. ಅಷ್ಟೇ ಕತೆ.

ಅಜ್ಜಾರು ಎದ್ದು ಶಲ್ಯ ಹೊದ್ದುಕೊಂಡರು. ನಾಗಲಿಂಗ ಕೈಯಲ್ಲಿದ್ದ ಚೀಟಿ ಬಿಚ್ಚಿದ. ಮೆಲ್ಲಗೆ ಕೇಳಿದ. “ಅದೆಲ್ಲ ಸರಿ ಅಜ್ಜಾರೇ. ಆದರೆ ನಾನು ಎಷ್ಟು ಕೂಡಿಡಲಿ ಎಂದು ನೀವು ಹೇಳಲೇ ಇಲ್ಲ.”

“ನಿನ್ನನ್ನು ಎಳೆಯಬೇಕಾದ ಕೈಗಳು ಸೋಲದಷ್ಟು,” ಎಂದರು ಅಜ್ಜಾರು.

ನಾಗಲಿಂಗ ಚೀಟಿ ಮಡಚಿ, ತನ್ನ ಓಣಿಯ ಮನೆಗಳನ್ನು ಬೆರಳಲ್ಲಿ ಎಣಿಸತೊಡಗಿದ.