ಯೆರಿಕೋ ಗೋಡೆಯ ಬೆಂಕಿಪೊಟ್ಟಣ

ನಾಲ್ಕು ವರ್ಷದ ಜೆಮಿಮಾಗೆ ದೇವಜನರು ಸುತ್ತು ಹಾಕಿ ಕೂಗಿದಾಗ ದೇವರು ಬೀಳಿಸಿದ ಯೆರಿಕೋ ಕೋಟೆಯ ಬೈಬಲ್ ಕಥೆ ಹೇಳಿಕೊಡಲು ತಾಯಿ ಕೃಪಾವತಿ ನೆಲದ ಮೇಲೆ ಖಾಲಿ ಬೆಂಕಿಪೊಟ್ಟಣಗಳ ಗೋಡೆ ಕಟ್ಟಿದಳು. ಜೆಮಿಮಾ ಅದನ್ನು ಏಳು ಸುತ್ತು ಸುತ್ತಿ, ಕಾಗದದ ಕಹಳೆ ಊದಿ, ಗಂಟಲು ಹರಿಯುವಂತೆ ಕೂಗಿದಳು. ಗೋಡೆ ಬೀಳಲಿಲ್ಲ. ಬುಡದಲ್ಲಿದ್ದ ಹೊಸ ಪೊಟ್ಟಣವೊಂದು ಮೈ ಬಿಗಿಹಿಡಿದು ನಿಂತಿತ್ತು.

“ಯಾಕೆ ಹಟ ಮಾಡುತ್ತೀಯೆ?” ಎಂದು ಪಕ್ಕದ ಹಳೆಯ ಪೊಟ್ಟಣ ಕೇಳಿತು.

“ಬಿದ್ದರೆ ನನ್ನನ್ನು ಕಸಕ್ಕೆ ಹಾಕುತ್ತಾರೆ. ನಿಂತಿರುವಷ್ಟು ಹೊತ್ತು ನಾನು ಕೋಟೆ.”

“ಹೋದ ವಾರದ ಕಥೆಗೆ ಕಟ್ಟಿದ ನೋಹನ ನಾವೆಯಲ್ಲಿ ನಾನಿದ್ದೆ. ಅದನ್ನು ಬಿಚ್ಚಿದ್ದರಿಂದಲೇ ಇವತ್ತು ಕೋಟೆಯಾಗಿದ್ದೇನೆ” ಎಂದಿತು ಹಳೆಯದು.

ಅಷ್ಟರಲ್ಲಿ ಜೆಮಿಮಾಳ ತುಟಿ ನಡುಗತೊಡಗಿತು. “ಅಮ್ಮಾ, ನಾನು ಕೂಗಿದ್ದು ದೇವರಿಗೆ ಕೇಳಿಸಲಿಲ್ವಾ?”

ಹೊಸ ಪೊಟ್ಟಣ ಆ ಮುಖವನ್ನು ನೋಡಿತು. ಹೆದರಿಕೆ ಇನ್ನೂ ಹೋಗಿರಲಿಲ್ಲ. ಆದರೂ ಮೆಲ್ಲಗೆ ಪಕ್ಕಕ್ಕೆ ವಾಲಿತು. ಇಡೀ ಗೋಡೆ ದಡದಡನೆ ಉರುಳಿತು.

ಜೆಮಿಮಾ ಚಪ್ಪಾಳೆ ತಟ್ಟಿ ನಕ್ಕಳು. ಚೆಲ್ಲಾಪಿಲ್ಲಿಯಾದ ಪೊಟ್ಟಣಗಳ ನಡುವೆ ಕೂತು, ಹೊಸದನ್ನು ಎತ್ತಿಕೊಂಡು, ಅದರ ಒಳಗಿನ ಪುಟ್ಟ ಪೆಟ್ಟಿಗೆಯನ್ನು ಹೊರಗೆಳೆದಳು.

“ಅಮ್ಮಾ, ನಾಳೆ ಇದರಲ್ಲಿ ಬಾಲಯೇಸುನ ಮಲಗಿಸೋಣ್ವಾ?”